ಬಂದೆ ಎಂದವರು ಬರುವ ಹೊತ್ತು



ಒಂದು ಗಳಿಗೆಯ ಹಿಂದೆ ನಿರೂಪಕರು ‘ಇದೀಗ ಭಾಷಣ’ ಎಂದರು. ಅವರ ಮಾತು ಮುಗಿಯಿತು, ನನ್ನದು ಶುರುವಾಯಿತು. ನಡುವೆ ಉಸಿರೆಳೆದುಕೊಳ್ಳುವಷ್ಟು ಹೊತ್ತೂ ಇರಲಿಲ್ಲ. ಬಾನುಲಿಯಲ್ಲಿ ‘ಇದೀಗ’ ಅಂದರೆ ಇದೀಗಲೇ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಧಾರವಾಡ ಕೇಂದ್ರವನ್ನು ಕೇಳುತ್ತ ಬೆಳೆದವನು ನಾನು. ಹೊತ್ತಿನ ಮಾತಿಗೆ ಬೆಲೆ ಉಂಟು ಎಂದು ನನಗೆ ಮೊದಲು ಕಲಿಸಿದ್ದು ಆ ಪೆಟ್ಟಿಗೆ. ಏಳು ಗಂಟೆ ಐದು ನಿಮಿಷಕ್ಕೆ ವಾರ್ತೆ ಎಂದರೆ ಏಳು ಐದಕ್ಕೇ ವಾರ್ತೆ. ಅಪ್ಪ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದದ್ದೂ ಆ ದನಿ ಕೇಳಿಯೇ.

ಹೊಟ್ಟೆಪಾಡಿಗೆಂದು ಪುಣೆಯ ಹಡಪಸರಕ್ಕೆ ಬಂದು 35 ವರ್ಷ ದಾಟಿತು. ನಾನು ಬಂದಾಗ ಇಲ್ಲಿ ಕಾಲುವೆಯ ನೀರಿಗೆ ಕಬ್ಬು ನಿಂತಿರುತ್ತಿತ್ತು. ಕಾರ್ಖಾನೆಯ ಸೈರನ್ ಆದರೆ ಗದ್ದೆಯಲ್ಲಿದ್ದವರಿಗೂ ಊಟದ ಹೊತ್ತು ತಿಳಿಯುತ್ತಿತ್ತು. ಆಮೇಲೆ ಮಗರಪಟ್ಟಾದ ರೈತರು ತಮ್ಮ 400 ಎಕರೆಯಷ್ಟು ಹೊಲವನ್ನು ಒಟ್ಟುಗೂಡಿಸಿ ತಾವೇ ಒಂದು ಪಟ್ಟಣ ಕಟ್ಟಿದರು, ಕಂಪ್ಯೂಟರ್ ಕಂಪನಿಗಳು ಬಂದವು, ಸೋಲಾಪುರ ರಸ್ತೆಯ ಎರಡೂ ಬದಿಗೆ ಮುಗಿಲೆತ್ತರದ ಮನೆಗಳೆದ್ದವು. ಒಂದೊಂದು ಕಟ್ಟಡ ಏಳುವಾಗಲೂ ಅದರ ಮುಂದೆ ಮೊದಲು ಏಳುವುದು ಒಂದು ದೊಡ್ಡ ಫಲಕ. ಅದರ ಮೇಲೆ ಒಂದೇ ಮಾತು: ಕಮಿಂಗ್ ಸೂನ್. ಇವತ್ತು ನಾನು ಮಾತನಾಡಬೇಕೆಂದಿರುವುದು ಆ ಎರಡನೆಯ ಶಬ್ದದ ಬಗ್ಗೆ.

ಸೂನ್. ಮೂರನೆಯ ತರಗತಿಯ ಮಗುವಿಗೂ ಗೊತ್ತಿರುವ ಶಬ್ದ. ‘ಬೇಗ’ ಎಂದು ಅರ್ಥ ಬರೆದುಕೊಂಡು ಮುಂದೆ ಹೋಗುತ್ತೇವೆ. ನಮ್ಮ ಪಕ್ಕದ ಮನೆಯ ಆಜಿಗೆ ಮಾತ್ರ ಅದು ಬೇರೆಯಾಗಿ ಕೇಳುತ್ತದೆ. ಮರಾಠಿಯಲ್ಲಿ ಸೂನ್ ಅಂದರೆ ಸೊಸೆ. ದೇವನಾಗರಿಯಲ್ಲಿ ಬರೆದ ಆ ಫಲಕವನ್ನು ಆಕೆ ಅಕ್ಷರ ಕೂಡಿಸಿ ಕೂಡಿಸಿ ಓದಿ, ಈ ಮನೆಗೆ ಸೊಸೆ ಬರುತ್ತಾಳೆಂದು ಯಾಕೆ ಬರೆದಿದ್ದಾರೆ ಎಂದು ಒಮ್ಮೆ ನನ್ನನ್ನೇ ಕೇಳಿದ್ದರು. ಮರಾಠಿಯ ಸೂನ್ ಸಂಸ್ಕೃತದ ಸ್ನುಷಾದಿಂದ ಇಳಿದು ಬಂದದ್ದು. ಇಂಗ್ಲಿಷಿನ ಸೂನ್ ಬೇರೆ ಬೇರಿನದು. ಕಿವಿಗೆ ಒಂದೇ ಆಗಿ ಕೇಳಿದ್ದೆಲ್ಲ ಒಂದೇ ಬಳಗ ಅಲ್ಲ. ಶಬ್ದಗಳ ಊರು ಹುಡುಕಿಕೊಂಡು ಹೊರಡುವವರು ಮನೆಯ ಹೊಸ್ತಿಲಲ್ಲೇ ಇದನ್ನು ನೆನಪಿಟ್ಟುಕೊಳ್ಳಬೇಕು.

ಹಾಗಾದರೆ ಇಂಗ್ಲಿಷಿನ ಸೂನ್ ಎಲ್ಲಿಂದ ಬಂತು? ಸಾವಿರ ವರ್ಷಕ್ಕೂ ಹಿಂದಿನ ಹಳೆ ಇಂಗ್ಲಿಷಿನಲ್ಲಿ ಅದರ ರೂಪ ‘ಸೋನ’, ಮೊದಲ ಅಕ್ಷರ ದೀರ್ಘ. ಹಳೆ ಸ್ಯಾಕ್ಸನ್, ಹಳೆ ಫ್ರಿಸಿಯನ್, ಹಳೆ ಜರ್ಮನ್ ಭಾಷೆಗಳಲ್ಲೂ ಅದರ ಒಡಹುಟ್ಟಿದ ಶಬ್ದಗಳಿದ್ದವು. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಅದರ ರೂಪವಲ್ಲ, ಅರ್ಥ. ಸೋನ ಎಂದರೆ ‘ಸ್ವಲ್ಪ ಹೊತ್ತಿನಲ್ಲಿ’ ಎಂದಲ್ಲ; ‘ತಕ್ಷಣ’, ‘ಆ ಕ್ಷಣವೇ’ ಎಂದು. ಕರೆದರೆ ಸೋನ ಬಂದ ಅಂದರೆ ಕರೆದ ಬಾಯಿ ಮುಚ್ಚುವುದರೊಳಗೆ ಎದುರಿಗೆ ನಿಂತ ಎಂದರ್ಥ. ಮುಂದೆ ತಲೆಮಾರು ಕಳೆದಂತೆ ಆ ಬಿಗಿ ಸಡಿಲವಾಯಿತು. ‘ತಕ್ಷಣ’ ಎಂಬುದು ‘ಇನ್ನು ಸ್ವಲ್ಪದರಲ್ಲಿ’ ಆಯಿತು. ಇವತ್ತು ನಮ್ಮ ರಸ್ತೆಯ ಫಲಕದಲ್ಲಿ ಅದು ‘ಯಾವಾಗಲೋ ಒಮ್ಮೆ’ ಆಗಿ ನಿಂತಿದೆ.

ಇದನ್ನು ಯಾರೂ ಕೂತು ಬದಲಾಯಿಸಲಿಲ್ಲ. ಮನುಷ್ಯರು ‘ತಕ್ಷಣ ಬರುತ್ತೇನೆ’ ಎಂದರು, ಸ್ವಲ್ಪ ತಡೆದು ಬಂದರು. ಕೇಳಿದವರು ಮಾತಿಗೂ ನಡೆಗೂ ನಡುವಿನ ಅಂತರವನ್ನು ಮನಸ್ಸಿನಲ್ಲೇ ಅಳೆದು, ಶಬ್ದದ ಅರ್ಥವನ್ನು ನಡೆಗೆ ಸರಿಯಾಗಿ ಹಿಗ್ಗಿಸಿಕೊಂಡರು. ಅವರ ಮಕ್ಕಳು ಆ ಹಿಗ್ಗಿದ ಅರ್ಥವನ್ನೇ ಮೂಲವೆಂದು ಕಲಿತರು. ತಡವಾಗಿ ಬಂದ ಎಷ್ಟೋ ಸಾವಿರ ಮಂದಿಯ ಹೆಜ್ಜೆಗುರುತು ಆ ಒಂದು ಶಬ್ದದೊಳಗಿದೆ.

ಈ ಸೋಲು ಸೂನ್ ಒಂದರದೇ ಅಲ್ಲ. ಹಳೆ ನಾಟಕಗಳಲ್ಲಿ ಬರುವ ‘ಅನಾನ್’ ಎಂಬ ಶಬ್ದ ಮೂಲದಲ್ಲಿ ‘ಒಂದರೊಳಗೆ’, ಅಂದರೆ ಒಂದೇ ಏಟಿಗೆ ಎಂಬುದರಿಂದ ಬಂದದ್ದು. ಅದೂ ‘ತಕ್ಷಣ’ದಿಂದ ‘ಆಮೇಲೆ’ಗೆ ಜಾರಿತು. ‘ಪ್ರೆಸೆಂಟ್ಲಿ’ಯದೂ ಅದೇ ಕತೆ. ‘ಬೈ ಅಂಡ್ ಬೈ’ ಎಂಬ ಜೋಡಿಗೆ 1611ರ ಇಂಗ್ಲಿಷ್ ಬೈಬಲಿನಲ್ಲಿ ‘ಈಗಿಂದೀಗ’ ಎಂಬ ಅರ್ಥ. ಇವತ್ತು ಅದನ್ನೇ ಓದುವವನಿಗೆ ‘ಕಾಲ ಕಳೆದಂತೆ’ ಎಂದು ತೋರುತ್ತದೆ. ದಕ್ಷಿಣ ಆಫ್ರಿಕದ ಇಂಗ್ಲಿಷಿನಲ್ಲಿ ‘ಜಸ್ಟ್ ನೌ’ ಎಂದರೆ ಈಗ ಅಲ್ಲ, ಆಮೇಲೆ ಯಾವಾಗಲೋ. ನಿಜವಾಗಿ ಬೇಗ ಬರುವವರು ಅಲ್ಲಿ ‘ನೌ’ ಶಬ್ದವನ್ನು ಎರಡು ಸಲ ಹೇಳಬೇಕು. ಸಿಂಗಪುರದಲ್ಲಿ ಅದೇ ‘ಜಸ್ಟ್ ನೌ’ ಆಗಿ ಹೋದ ಹೊತ್ತಿಗೆ ಸಲ್ಲುತ್ತದೆ. ಬೆಂಗಳೂರಿನವರು ‘ಜಸ್ಟ್ ನೌ ಬಂದೆ’ ಎನ್ನುವುದೂ ಆ ಸಾಲಿನದೇ.

ಸೋನದ ಹಳೆಯ ಬಿಗಿ ಪೂರ್ತಿ ಸತ್ತಿಲ್ಲ. ‘ಆಸ್ ಸೂನ್ ಆಸ್’ ಎಂದಾಗ ಅದು ಮತ್ತೆ ಎದ್ದು ಕೂರುತ್ತದೆ. ‘ಮಳೆ ನಿಂತ ಕೂಡಲೇ ಹೊರಟೆವು’ ಎನ್ನುವಲ್ಲಿ ಇಂಗ್ಲಿಷಿನವರು ಬಳಸುವ ಕೂಡುನುಡಿ ಅದು. ಅಲ್ಲಿ ಒಂದು ಕೆಲಸ ಇನ್ನೊಂದರ ಬೆನ್ನಿಗೆ ಕಟ್ಟಿಕೊಂಡಿದೆ, ಜಾರಲು ಜಾಗವಿಲ್ಲ. ಕನ್ನಡ ಇಲ್ಲಿ ಏನು ಮಾಡಿದೆ ನೋಡಿ. ‘ಕೂಡಲೇ’ ಎಂಬುದು ಕೂಡು ಎಂಬ ಧಾತುವಿನಿಂದ ಬಂದದ್ದು. ‘ಒಡನೆ’ ಎಂದರೆ ಜೊತೆಯಲ್ಲಿ. ಎರಡು ಹೊತ್ತುಗಳ ನಡುವೆ ಸಂದೇ ಇಲ್ಲ, ಒಂದಕ್ಕೊಂದು ಕೂಡಿಕೊಂಡಿವೆ ಎಂಬ ಭಾವ. ಹಡಪಸರಕ್ಕೆ ಬಂದ ಹೊಸದರಲ್ಲಿ ನಾನು ಮೊದಲು ಕಲಿತ ಮರಾಠಿ ಶಬ್ದಗಳಲ್ಲಿ ‘ಕೂಡಲೇ’ ಎಂಬರ್ಥದ ‘ಲಗೇಚ’ ಒಂದು. ಮೇಸ್ತ್ರಿ ದಿನಕ್ಕೆ ಇಪ್ಪತ್ತು ಸಲ ಅದನ್ನು ಹೇಳುತ್ತಿದ್ದರು. ಅದರ ಬುಡದಲ್ಲಿರುವುದು ‘ಲಾಗಣೆ’, ತಾಗುವುದು, ಅಂಟುವುದು. ಕನ್ನಡದ ಹೊತ್ತು ಕೂಡಿಕೊಂಡರೆ ಮರಾಠಿಯ ಹೊತ್ತು ತಾಗಿಕೊಂಡಿತು. ನೆರೆಹೊರೆಯ ಎರಡು ಭಾಷೆ, ಬೇರೆ ಬೇರೆ ಬೇರು, ಕಂಡ ಚಿತ್ರ ಮಾತ್ರ ಒಂದೇ.

ಇಂಥ ಜೋಡಿಗಳನ್ನು ಹೆಕ್ಕುವುದು ಅಂದಿನಿಂದ ನನಗೆ ಅಂಟಿದ ಚಟ. ಗಾಡಿತಳದ ಬಸ್ ನಿಲ್ದಾಣದಲ್ಲಿ ನಿಂತರೆ ಸಾಕು, ಜೋಡಿಗಳು ತಾವಾಗಿ ಕಿವಿಗೆ ಬೀಳುತ್ತವೆ. ‘ಬಸ್ಸು ಇಷ್ಟರಲ್ಲೇ ಬರುತ್ತದೆ’ ಎಂದು ನಾವನ್ನುವಲ್ಲಿ ಅವರು ‘ಇತಕ್ಯಾತ’ ಎನ್ನುತ್ತಾರೆ. ಇಷ್ಟರ ಒಳಗೆ ಎಂದೇ ಅದರ ಅರ್ಥ. ಎಷ್ಟರ ಒಳಗೆ ಎಂದು ಎರಡೂ ಭಾಷೆ ಹೇಳುವುದಿಲ್ಲ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದಿಷ್ಟು ಜಾಗ ತೋರಿಸಿದ ಹಾಗೆ, ಅಷ್ಟೇ. ನಾವು ‘ಈಗ’ ಸಾಲದಾದಾಗ ‘ಈಗಲೇ’ ಎನ್ನುತ್ತೇವೆ, ಅದೂ ಸಾಲದಾದಾಗ ‘ಈಗಿಂದೀಗ’ ಎನ್ನುತ್ತೇವೆ. ಮರಾಠಿಯವರು ‘ಆತಾ’ ಸಾಲದಾದಾಗ ನಡುವಿನ ಅಕ್ಷರವನ್ನು ಒತ್ತಿ ‘ಆತ್ತಾ’ ಎನ್ನುತ್ತಾರೆ, ಆಮೇಲೆ ‘ಆತ್ತಾಚ’, ಇನ್ನೂ ಸಿಟ್ಟು ಬಂದರೆ ‘ಆತ್ತಾಚ್ಯಾ ಆತ್ತಾ’. ಈಗಿಂದೀಗ ಎಂಬುದಕ್ಕೆ ಅದು ಕನ್ನಡಿ ಹಿಡಿದಂತಿದೆ. ಯಾಕೆ ಇಷ್ಟೊಂದು ಮೆಟ್ಟಿಲು? ಕೆಳಗಿನ ಮೆಟ್ಟಿಲು ಸವೆದಿದೆ, ಅದಕ್ಕೆ. ಸೋನ ಸವೆದಾಗ ಇಂಗ್ಲಿಷಿನವರು ‘ಅಟ್ ಒನ್ಸ್’ ಹುಡುಕಿಕೊಂಡರು, ಆಮೇಲೆ ಲ್ಯಾಟಿನ್ನಿನಿಂದ ‘ಇಮ್ಮೀಡಿಯೆಟ್ಲಿ’ ತಂದುಕೊಂಡರು. ಅದೂ ಸಾಲದೆ, ಅಮೆರಿಕದ ಸೈನ್ಯದವರು ಕಳೆದ ಶತಮಾನದ ನಡುವೆ ‘ಆಸ್ ಸೂನ್ ಆಸ್ ಪಾಸಿಬಲ್’ ಎಂಬುದನ್ನು ‘ಎಎಸ್‌ಎಪಿ’ ಎಂದು ನಾಲ್ಕಕ್ಷರ ಮಾಡಿದರು. ಮಗರಪಟ್ಟಾದ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಹುಡುಗರಿಗೆ ದಿನಬೆಳಗಾದರೆ ಬರುವ ಮಿಂಚಂಚೆಯಲ್ಲಿ ಅದೇ ಇರುತ್ತದೆ. ಅದರೊಳಗೂ ಮಡಚಿಕೊಂಡು ಕೂತಿರುವುದು ನಮ್ಮ ಸೂನ್ ಶಬ್ದವೇ.

ನಮ್ಮ ಕಡೆಯ ‘ಲಗೂನ’ ಇನ್ನೊಂದು ಚೆಲುವಾದ ಶಬ್ದ. ವಿಜಯಪುರ, ಬಾಗಲಕೋಟೆ, ಧಾರವಾಡದ ತಾಯಂದಿರು ‘ಲಗೂನ ಬಾ’ ಎಂದೇ ಮಕ್ಕಳನ್ನು ಕಳಿಸುವುದು. ಲಘು ಎಂಬುದರ ಮಗು ಅದು. ಲಘು ಎಂದರೆ ಹಗುರ. ಹಗುರವಾದದ್ದು ಚುರುಕಾಗಿ ಸಾಗುತ್ತದೆ, ಹಾಗಾಗಿ ಬೇಗ. ಆದರೆ ಅದೇ ತಾಯಿ ಕಂಕುಳಲ್ಲಿ ನೀರಿನ ಕೊಡ ಹೊತ್ತ ಮಗಳಿಗೆ ‘ಹಗೂರಕ ಬಾರವ್ವ’ ಎನ್ನುತ್ತಾಳೆ. ಅಲ್ಲಿ ಹಗುರ ಎಂದರೆ ಸಾವಕಾಶ, ಮೆತ್ತಗೆ. ಒಂದೇ ಹಗುರತನ ಒಂದು ಕಡೆ ಓಡಿಸಿತು, ಇನ್ನೊಂದು ಕಡೆ ತಡೆಯಿತು. ಒಂದೇ ಅಂಗಳದಲ್ಲಿ, ಒಂದೇ ಬಾಯಲ್ಲಿ. ಇದನ್ನು ಗಮನಿಸಿದ ದಿನ ನನಗಾದ ಸಂತೋಷವನ್ನು ನಿಮ್ಮ ಮುಂದೆ ಮುಚ್ಚಿಡುವುದಿಲ್ಲ.

‘ಸದ್ಯ’ ಎಂಬುದನ್ನೂ ನೋಡಬೇಕು. ಸಂಸ್ಕೃತದ ಸದ್ಯಃ ಎಂದರೆ ಅದೇ ದಿನ, ಆ ಕ್ಷಣ. ಶಿವನ ಐದು ಮುಖಗಳಲ್ಲಿ ಒಂದಾದ ಸದ್ಯೋಜಾತ ಎಂದರೆ ಆಗ ತಾನೆ ಹುಟ್ಟಿದವನು. ಕನ್ನಡಕ್ಕೆ ಬಂದು ಅದು ‘ಸದ್ಯಕ್ಕೆ ಇಷ್ಟು ಸಾಕು’ ಎನ್ನುವಲ್ಲಿ ‘ಈ ಹೊತ್ತಿಗೆ’ ಆಯಿತು, ‘ಸದ್ಯದಲ್ಲೇ ತಿಳಿಸುತ್ತೇವೆ’ ಎನ್ನುವಲ್ಲಿ ಮುಂದಕ್ಕೆ ಹೋಯಿತು. ಮರಾಠಿಯಲ್ಲಿ ‘ಸಧ್ಯಾ’ ಆಗಿ ‘ಈ ದಿನಗಳಲ್ಲಿ’ ಎಂಬಷ್ಟು ಅಗಲವಾಯಿತು. ಕನ್ನಡದಲ್ಲಿ ಅದಕ್ಕೆ ಇನ್ನೂ ಒಂದು ಜೀವ ಉಳಿದಿದೆ. ರಾತ್ರಿ ಕೊನೆಯ ಬಸ್ಸಿನಿಂದ ಇಳಿದ ಮಗನನ್ನು ಕಂಡು ತಾಯಿ ‘ಸದ್ಯ, ಬಂದೆಯಲ್ಲ’ ಎನ್ನುತ್ತಾಳೆ. ಅದು ಗಡಿಯಾರದ ಮಾತಲ್ಲ. ಕಾದು ಕಾದು ಹಿಡಿದಿಟ್ಟ ಉಸಿರು ಹೊರಗೆ ಬರುವ ಸದ್ದು.

ಇನ್ನು ‘ಬೇಗ’. ವೇಗದ ತದ್ಭವ ಅದು. ಸಂಸ್ಕೃತದ ವಕಾರ ಕನ್ನಡದ ಬಾಯಲ್ಲಿ ಬಕಾರವಾಗುವುದು ಹೊಸದಲ್ಲ. ಇಂಥ ರೂಪಾಂತರಗಳಿಗೆಂದೇ ಕೇಶಿರಾಜ 13ನೇ ಶತಮಾನದಲ್ಲಿ ತನ್ನ ಶಬ್ದಮಣಿದರ್ಪಣದಲ್ಲಿ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಬೇಗ ಎಂಬ ಒಂದು ಶಬ್ದ ಮೂರು ಕೆಲಸ ಮಾಡುತ್ತದೆ. ‘ಬೇಗ ನಡೆ’ ಎಂದಾಗ ಕಾಲಿನ ಚುರುಕು, ‘ಬೇಗ ಏಳು’ ಎಂದಾಗ ಗಡಿಯಾರದ ಮುಂಚೆ, ‘ಬೇಗ ಗುಣವಾಗಲಿ’ ಎಂದಾಗ ಹೆಚ್ಚು ದಿನ ಕಾಯಿಸದಿರಲಿ ಎಂಬ ಹಾರೈಕೆ. ಇಂಗ್ಲಿಷಿನಲ್ಲಿ ಮೂರಕ್ಕೂ ಬೇರೆ ಬೇರೆ ಶಬ್ದ: ಕ್ವಿಕ್ಲಿ, ಅರ್ಲಿ, ಸೂನ್. ಆದ್ದರಿಂದಲೇ ನಮ್ಮ ಮಕ್ಕಳು ‘ನಾಳೆ ಬೇಗ ಬಾ’ ಎಂಬುದನ್ನು ‘ಟುಮಾರೊ ಕಮ್ ಸೂನ್’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಅಲ್ಲಿ ‘ಅರ್ಲಿ’ ಬರಬೇಕಿತ್ತು. ನಿಗದಿಯಾದ ಹೊತ್ತಿಗಿಂತ ಮುಂಚೆ ಎಂದರೆ ಅರ್ಲಿ. ಈ ಗಳಿಗೆಯಿಂದ ಎಣಿಸಿದರೆ ಹೆಚ್ಚು ದೂರವಿಲ್ಲ ಎಂದರೆ ಸೂನ್. ಒಂದಕ್ಕೆ ಗೂಟ ಮುಂದೆ ಇದೆ, ಇನ್ನೊಂದಕ್ಕೆ ಗೂಟ ಕಾಲಬುಡದಲ್ಲಿದೆ. ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುವವರು ಹೀಗೆ ಹೇಳಿ ನೋಡಿ, ಮತ್ತೆ ತಪ್ಪುವುದಿಲ್ಲ.

‘ಸೂನರ್’ ಎಂಬ ರೂಪಕ್ಕೆ ಇಂಗ್ಲಿಷಿನಲ್ಲಿ ಇನ್ನೊಂದು ದಾರಿ ಇದೆ. ಸುಳ್ಳು ಹೇಳುವುದಕ್ಕಿಂತ ಸಾಯುವುದು ಮೇಲು ಎನ್ನಲು ಅವರು ಸಾಯುವುದು ‘ಸೂನರ್’ ಎನ್ನುತ್ತಾರೆ. ನಾವು ದಿನವೂ ಬಳಸುವ ‘ರಾದರ್’ ಕೂಡ ‘ಬೇಗ’ ಎಂಬರ್ಥದ ಒಂದು ಹಳೆಯ ಶಬ್ದದ ತರತಮ ರೂಪವೇ. ಯಾವುದು ಇಷ್ಟವೋ ಅದು ಮುಂಚೆ ಬರಲಿ ಎಂದು ಇಂಗ್ಲಿಷ್ ಅಳೆಯಿತು. ಯಾವುದು ಇಷ್ಟವೋ ಅದು ಎತ್ತರದಲ್ಲಿರಲಿ ಎಂದು ಕನ್ನಡ ಅಳೆದು ‘ಮೇಲು’ ಎಂದಿತು.

ಇನ್ನು ಈ ಮಾತಿನ ಹೂರಣಕ್ಕೆ ಬರುತ್ತೇನೆ. ಬೇಗ ಬರುತ್ತೇನೆ ಎನ್ನಬೇಕಾದ ಕಡೆ ನಾವು ನಿಜವಾಗಿ ಏನು ಹೇಳುತ್ತೇವೆ? ಒಳಗಿನಿಂದ ಯಾರೋ ಕರೆಯುತ್ತಾರೆ. ‘ಬಂದೆ’ ಎನ್ನುತ್ತೇವೆ. ಇನ್ನೂ ಎದ್ದಿಲ್ಲ, ಕಾಲಿಗೆ ಚಪ್ಪಲಿ ಸಿಕ್ಕಿಲ್ಲ, ಆದರೂ ಬಂದೆ. ಕ್ರಿಯಾವಿಶೇಷಣದ ಹಂಗೇ ಇಲ್ಲ. ಮುಂದೆ ಆಗಬೇಕಾದ್ದನ್ನು ಆಗಿಹೋಯಿತು ಎಂದು ಹೇಳಿ ಕೈಯಲ್ಲಿಟ್ಟುಬಿಡುತ್ತೇವೆ. ನಮ್ಮ ಹಳ್ಳಿಯಲ್ಲಿ ಅದು ‘ಬಂದ್ನಿ’. ಖಾನಾವಳಿಯ ಹುಡುಗ ನಾಲ್ಕು ಮೇಜಿನಾಚೆಯಿಂದ ‘ಬಂತು ರೀ’ ಎಂದು ಕೂಗುವಾಗ ರೊಟ್ಟಿ ಇನ್ನೂ ಹಂಚಿನ ಮೇಲಿರುತ್ತದೆ. ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ. ಭೂತಕಾಲವನ್ನು ಅಡವಿಟ್ಟು ಭವಿಷ್ಯಕ್ಕೆ ಸಾಲ ತಂದಂತೆ ಅದು.

ಇದು ಕನ್ನಡದ್ದೇ ಸೊತ್ತು ಎಂದು ನಾನು ಬಹುಕಾಲ ನಂಬಿದ್ದೆ. ಆ ನಂಬಿಕೆಯನ್ನು ತಿದ್ದಿದ್ದು ಹಡಪಸರದ ರಸ್ತೆ. ಪ್ರತಿ ವರ್ಷ ಆಷಾಢ ಏಕಾದಶಿಗೆ ಮುಂಚೆ ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ, ದೇಹೂವಿನಿಂದ ತುಕಾರಾಮರ ಪಾಲಖಿ ಪುಣೆಗೆ ಬಂದು ತಂಗಿ, ಪಂಢರಪುರದ ದಾರಿ ಹಿಡಿಯುತ್ತವೆ. ಎರಡೂ ಹಡಪಸರದವರೆಗೆ ಒಂದೇ ದಾರಿಯಲ್ಲಿ ಬಂದು ಇಲ್ಲಿ ಅಗಲುತ್ತವೆ. ಜ್ಞಾನೇಶ್ವರರದು ದಿವೆ ಘಾಟು ಹತ್ತಿ ಸಾಸವಡದ ಕಡೆಗೆ, ತುಕಾರಾಮರದು ಲೋಣಿ ಕಾಳಭೋರದ ಕಡೆಗೆ. ಆ ದಿನ ಬೆಳಗಿನಿಂದ ರಸ್ತೆಯ ಎರಡೂ ಬದಿ ಜನ. ನಮ್ಮ ಕಡೆಯವರೂ ಇರುತ್ತಾರೆ. ಪಂಢರಪುರದ ವಿಠ್ಠಲನನ್ನು ಕಾನಡಾ ಎಂದು ಜ್ಞಾನೇಶ್ವರರೇ ಕರೆದಿದ್ದಾರಲ್ಲ. ಒಮ್ಮೆ ತುಂತುರು ಮಳೆಯಲ್ಲಿ ಒಬ್ಬ ಮುದುಕಿಯ ಪಕ್ಕ ನಿಂತಿದ್ದೆ. ಕೈಯಲ್ಲಿ ತುಳಸಿಯ ಹಾರ, ನೆನೆಯದಿರಲೆಂದು ಪ್ಲಾಸ್ಟಿಕ್ ಚೀಲ ಮುಚ್ಚಿಕೊಂಡಿದ್ದಳು. ಪಾಲಖಿ ಯಾವಾಗ ಎಂದು ಆಕೆ ಮರಾಠಿಯಲ್ಲಿ ಕೇಳಿದಳು. ಬಂದೋಬಸ್ತಿಗೆ ನಿಂತಿದ್ದ ಹುಡುಗ ತಿರುಗಿಯೂ ನೋಡದೆ ‘ಆಲೀಚ’ ಎಂದ. ಬಂದೇಬಿಟ್ಟಿತು ಎಂದು. ಕಣ್ಣಿಗೆಟುಕುವಷ್ಟು ದೂರ ಪಾಲಖಿಯ ಸುಳಿವಿರಲಿಲ್ಲ, ತಾಳದ ಸದ್ದೂ ಇರಲಿಲ್ಲ. ಮುದುಕಿ ತಕ್ಷಣ ಚೀಲ ತೆಗೆದು ಹಾರವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಮುಕ್ಕಾಲು ಗಂಟೆ ಹಾಗೆಯೇ ನಿಂತಿದ್ದಳು. ಮಳೆಯ ಹನಿ ತುಳಸಿಯ ಮೇಲೆ ಬೀಳುತ್ತಲೇ ಇತ್ತು, ಆಕೆ ಮತ್ತೆ ಚೀಲ ಮುಚ್ಚಲಿಲ್ಲ. ಬಂದಾಯಿತು ಎಂದಮೇಲೆ ಮುಚ್ಚುವುದು ಹೇಗೆ? ‘ಆಲೋ’, ‘ಆಲೇ’, ‘ಆಲೀಚ’ ಎನ್ನುವ ಮರಾಠಿ, ‘ಬಂದೆ’, ‘ಬಂತು’ ಎನ್ನುವ ಕನ್ನಡ. ಬರಬೇಕಾದ್ದನ್ನು ಬಂತು ಎಂದು ನುಡಿಯುವ ಈ ನಂಬಿಕೆ ಎರಡು ಭಾಷೆಗಳ ನಡುವಿನ ಬೇಲಿಯನ್ನು ಎಂದೋ ದಾಟಿದೆ.

ಬಾಯಿಮಾತಿಗೆ ಈ ನಂಬಿಕೆ ಚೆಂದ. ಕಾಗದಕ್ಕೆ ಮತ್ತು ದುಡ್ಡಿಗೆ ಸಾಲದು. ನಾನೂ ಇಲ್ಲಿ ಒಂದು ಸಣ್ಣ ಮನೆಗೆಂದು ಮುಂಗಡ ಕೊಟ್ಟಿದ್ದೆ. ಫಲಕದಲ್ಲಿ ‘ಬೇಗನೇ’ ಎಂಬರ್ಥದ ಮರಾಠಿಯ ‘ಲವಕರಚ’ ಇತ್ತು, ಕಚೇರಿಯಲ್ಲಿ ‘ವೆರಿ ಸೂನ್’ ಎಂದರು. ಮೂರು ದೀಪಾವಳಿ ಬಾಡಿಗೆ ಮನೆಯಲ್ಲೇ ದೀಪ ಹಚ್ಚಿದೆವು. ಕಟ್ಟಿಸುವವರ ಹೆಸರು ಇಲ್ಲಿ ಬೇಡ. ಆ ಸಂಕಟ ಸಾವಿರಾರು ಮನೆಗಳದು. 2016ರಲ್ಲಿ ಬಂದ ರಿಯಲ್ ಎಸ್ಟೇಟ್ ಕಾಯ್ದೆ, ಜನರ ಬಾಯಲ್ಲಿ ರೇರಾ, ಆ ಕಷ್ಟಕ್ಕೆ ನೇರವಾಗಿ ಕೈಹಾಕಿತು. ಯೋಜನೆ ಯಾವಾಗ ಮುಗಿಯುತ್ತದೆಂದು ನೋಂದಣಿಯ ಹೊತ್ತಿಗೇ ಬರೆದುಕೊಡಬೇಕು. ಒಪ್ಪಿದ ದಿನಕ್ಕೆ ಮನೆ ಕೊಡದಿದ್ದರೆ ಕೊಂಡವನು ಹಿಂದೆ ಸರಿದು ಬಡ್ಡಿಯೊಂದಿಗೆ ಹಣ ಕೇಳಬಹುದು. ಸೂನ್ ಎಂಬ ಶಬ್ದಕ್ಕೆ ತಾರೀಖಿನ ಮೊಳೆ ಹೊಡೆದ ಕಾಯ್ದೆ ಎಂದೇ ನಾನು ಅದನ್ನು ಕರೆಯುವುದು.

ನಮ್ಮ ಸಂವಿಧಾನದ 22ನೇ ವಿಧಿಯನ್ನು ಓದಿದರೆ ಈ ಎರಡು ಬಗೆಯ ಹೊತ್ತು ಅಕ್ಕಪಕ್ಕದಲ್ಲೇ ಕಾಣುತ್ತವೆ. ಬಂಧಿಸಿದವನಿಗೆ ಯಾಕೆ ಬಂಧಿಸಿದ್ದು ಎಂಬುದನ್ನು ಆದಷ್ಟು ಬೇಗ ತಿಳಿಸಬೇಕು ಎನ್ನುತ್ತದೆ ಮೊದಲ ಭಾಗ. ಅಲ್ಲಿ ಇಂಗ್ಲಿಷಿನಲ್ಲಿರುವುದು ಸೂನ್. ಎರಡನೆಯ ಭಾಗ ಹಾಗೆ ಬಿಡುವುದಿಲ್ಲ: ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಶಬ್ದ ಎಲ್ಲಿ ಸವೆಯುತ್ತದೆ, ಎಲ್ಲಿ ಅಂಕಿ ಬೇಕಾಗುತ್ತದೆ ಎಂಬುದನ್ನು ಸಂವಿಧಾನ ಬರೆದವರು ಬಲ್ಲವರಾಗಿದ್ದರು. ರಾಜ್ಯಪಾಲರು ಮಸೂದೆಯನ್ನು ಹಿಂದಿರುಗಿಸುವ ಬಗ್ಗೆ 200ನೇ ವಿಧಿಯಲ್ಲಿರುವ ‘ಆದಷ್ಟು ಬೇಗ’ ಎಂದರೆ ಎಷ್ಟು ಬೇಗ ಎಂಬ ಪ್ರಶ್ನೆಯಂತೂ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ.

ನಮ್ಮ ಅವ್ವ ಶಾಲೆಯ ಮುಖ ಕಂಡವಳಲ್ಲ, ಆದರೆ ಈ ಮೊಳೆಯ ವಿದ್ಯೆ ಆಕೆಗೆ ಚೆನ್ನಾಗಿ ಗೊತ್ತಿತ್ತು. ಚಿಕ್ಕಂದಿನಲ್ಲಿ ನಮ್ಮನ್ನು ಅಂಗಡಿಗೆ ಕಳಿಸುವಾಗ ಬರೀ ‘ಲಗೂನ ಬಾ’ ಎಂದು ಬಿಡುತ್ತಿರಲಿಲ್ಲ. ‘ನಾ ಎರಡು ರೊಟ್ಟಿ ಬಡಿಯೂದ್ರೊಳಗ ಬಂದಿರಬೇಕು’ ಎನ್ನುತ್ತಿದ್ದಳು. ಕೊಣಮಿಗೆಯಲ್ಲಿ ಹಿಟ್ಟು ನಾದುವ ಸದ್ದು, ಅಂಗೈಯಿಂದ ರೊಟ್ಟಿ ತಿರುಗಿಸುತ್ತ ಬಡಿಯುವ ಸದ್ದು, ಹಂಚಿಗೆ ಹಾಕಿ ನೀರು ಸವರಿದಾಗ ಚುಂಯ್ ಎನ್ನುವ ಸದ್ದು. ಓಣಿಯ ತಿರುವಿನಲ್ಲಿ ಬರುವಾಗಲೇ ಎರಡನೆಯ ರೊಟ್ಟಿ ಎಲ್ಲಿಗೆ ಬಂದಿದೆ ಎಂದು ನನಗೆ ಕೇಳುತ್ತಿತ್ತು. ಹಾಲು ಕಾಯುವುದರೊಳಗೆ, ದೀಪ ಹಚ್ಚುವುದರೊಳಗೆ, ಎಳ್ಳಮಾಸಿಯ ಚರಗ ಚೆಲ್ಲಿ ಬರುವುದರೊಳಗೆ. ಆಕೆಯ ‘ಬೇಗ’ಕ್ಕೆ ಯಾವತ್ತೂ ಒಂದು ಕೆಲಸದ ಆಸರೆ ಇರುತ್ತಿತ್ತು.

2020ರ ಮಳೆಗಾಲದಲ್ಲಿ ಆಕೆ ದಿನವೂ ಫೋನು ಮಾಡುತ್ತಿದ್ದಳು. ನಮ್ಮ ಹಡಪಸರದಲ್ಲಿ ಸೀರಮ್ ಇನ್‌ಸ್ಟಿಟ್ಯೂಟ್ ಇದೆ, 1966ರಲ್ಲಿ ಸೈರಸ್ ಪೂನಾವಾಲಾ ಶುರುಮಾಡಿದ್ದು. ಕೊರೋನಾದ ಲಸಿಕೆ ಅಲ್ಲಿ ತಯಾರಾಗುತ್ತದೆಂದು ಟಿವಿಯಲ್ಲಿ ಕೇಳಿದ್ದಳು. ಜಗತ್ತೇ ಆಗ ಯಾವಾಗ, ಯಾವಾಗ ಎಂದು ಕೇಳುತ್ತಿತ್ತು. ಜಗತ್ತಿಗೆಲ್ಲ ಸಿಗುತ್ತಿದ್ದ ಉತ್ತರ ಸೂನ್ ಎಂಬುದೊಂದೇ. ಅವ್ವ ಅದನ್ನು ಒಪ್ಪುವವಳಲ್ಲ.

“ಯಪ್ಪಾ, ಆ ಸೂಜಿ ನಿಮ್ಮ ಊರಾಗ ತಯಾರ ಆಗಾಕತ್ತದಂತಲ್ಲ, ಯಾವಾಗ ಬರ್ತದ?”

“ಬರ್ತದವ್ವಾ, ಇಷ್ಟರಾಗ ಬರ್ತದ.”

“ಇಷ್ಟರಾಗ ಅಂದ್ರ? ದೀಪಾವಳಿಗಿ ಬರ್ತದೇನು?”

“ದೀಪಾವಳಿಗಿ ಆಗ್ಲಿಕ್ಕಿಲ್ಲವ್ವಾ.”

“ಎಳ್ಳಮಾಸಿಗಿ?”

ನನ್ನ ಬಳಿ ಉತ್ತರವಿರಲಿಲ್ಲ. ಕಾರ್ಖಾನೆಯವರು ಅನುಮತಿ ಸಿಗುವ ಮುಂಚೆಯೇ ಕೋಟಿಗಟ್ಟಲೆ ಡೋಸು ತಯಾರಿಸಿ ತಂಪಿನಲ್ಲಿ ಇಡುತ್ತಿದ್ದಾರೆಂದು ಸುದ್ದಿ ಇತ್ತು. ಮೈಲಿಯಾಚೆಯಲ್ಲೇ ಸೀಸೆಗಳು ತುಂಬುತ್ತಿರುವಾಗ ಅವ್ವನಿಗೆ ಒಂದು ತಾರೀಖು ಹೇಳಲಾಗದೆ ಫೋನು ಹಿಡಿದು ಕೂರುವುದು ಎಷ್ಟು ಕಷ್ಟದ್ದು ಎಂಬುದು ಅನುಭವಿಸಿದವರಿಗೇ ಗೊತ್ತು. ಹಳ್ಳಿಯಲ್ಲಿ ಆಕೆಯ ವಾರಗೆಯ ಇಬ್ಬರು ಆಗಲೇ ತೀರಿಕೊಂಡಿದ್ದರು. ಕಾಯುವವರ ಹೊತ್ತೂ ಕಾಯಿಸುವವರ ಹೊತ್ತೂ ಒಂದೇ ಗಡಿಯಾರದಲ್ಲಿ ಓಡುವುದಿಲ್ಲ. ‘ಇನ್ನು ಬರುತ್ತದೆ’ ಎಂದು ನಾನು ಹೇಳಿದರೆ ಆಕೆ ‘ಇನ್ನೂ ಬರಲಿಲ್ಲ’ ಎನ್ನುತ್ತಿದ್ದಳು. ಒಂದು ಉಕಾರ ಉದ್ದವಾದದ್ದಷ್ಟೇ, ಆ ಉದ್ದದಲ್ಲಿ ಆಕೆಯ ಇಡೀ ವರ್ಷವಿತ್ತು.

2021ರ ಜನವರಿ 3ಕ್ಕೆ ಸರ್ಕಾರದ ಅನುಮತಿ ಬಂತು. ಜನವರಿ 12ರ ನಸುಕಿನಲ್ಲಿ, ಇನ್ನೂ ಐದು ಗಂಟೆ ಆಗಿರಲಿಲ್ಲ, ನಮ್ಮ ಬಗಲಿಗೇ ಇರುವ ಮಾಂಜರಿಯ ಘಟಕದಿಂದ ಪೂಜೆ ಮಾಡಿ ಮೂರು ತಂಪು ಲಾರಿಗಳು ಪುಣೆಯ ವಿಮಾನ ನಿಲ್ದಾಣಕ್ಕೆ ಹೊರಟವು. ಬೆಂಗಳೂರಿಗೆ ಹೋಗುವ ಪೆಟ್ಟಿಗೆಗಳೂ ಆ ದಿನವೇ ವಿಮಾನ ಹತ್ತಿದವು. ಎಳ್ಳಮಾಸಿ ಹೊಸ್ತಿಲಲ್ಲಿತ್ತು, ಸಂಕ್ರಮಣಕ್ಕೆ ಎರಡೇ ದಿನ. ಬೆಳಗಾಗುತ್ತಲೇ ಊರಿಗೆ ಫೋನು ಮಾಡಿ “ಅವ್ವಾ, ಸೂಜಿ ಹೊಂಟ್ವು” ಎಂದೆ. ಆಕೆ ಸಜ್ಜಿರೊಟ್ಟಿಗೆ ಎಳ್ಳು ಹಚ್ಚುತ್ತಿದ್ದಳಂತೆ. “ಹೊಂಟಾವಂದ್ರ ಬಂದ್ವು ಬಿಡು” ಎಂದಳು. ನಾನು ಆರು ತಿಂಗಳಿಂದ ಹುಡುಕುತ್ತಿದ್ದ ಶಬ್ದವನ್ನು ಆಕೆ ಭೂತಕಾಲದಲ್ಲಿಟ್ಟು ಕೈಗೆ ಕೊಟ್ಟಳು.

60 ದಾಟಿದವರ ಸರದಿ ಮಾರ್ಚ್ 1ರಿಂದ ಶುರುವಾಯಿತು. ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ ಹೋಗಲು ಪರೀಕ್ಷೆಯ ಚೀಟಿ ಬೇಕಿದ್ದ ದಿನಗಳು, ನಾನು ಹೋಗಲಾಗಲಿಲ್ಲ. ತಮ್ಮನ ಹೆಂಡತಿ ಅವ್ವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಫೋನನ್ನು ಚಾಲೂ ಇಟ್ಟು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಹಡಪಸರದ ನನ್ನ ಅಡುಗೆಮನೆಯಲ್ಲಿ ನಿಂತು ನಾನು ಕೇಳುತ್ತಿದ್ದೆ. ಬೆಂಚು ಎಳೆದ ಸದ್ದು, ಯಾರೋ ಕೆಮ್ಮಿದ್ದು, ಫ್ಯಾನು ತಿರುಗುವುದು, ಆಧಾರ್ ಕಾರ್ಡು ತೋರಿಸಿ ಎಂದು ಯಾರಿಗೋ ಹೇಳಿದ್ದು. ಆಮೇಲೆ ನರ್ಸಮ್ಮ ಅವ್ವನ ಹೆಸರು ಕೂಗಿದರು. ಅವ್ವನಿಗೆ ಮಂಡಿನೋವು, ಕೂತಲ್ಲಿಂದ ಏಳಲು ಗೋಡೆ ಹಿಡಿಯಬೇಕು, ಸೆರಗು ಸರಿಮಾಡಿಕೊಳ್ಳಬೇಕು, ಕೋಲು ಹುಡುಕಬೇಕು. ಅದ್ಯಾವುದೂ ಶುರುವಾಗುವ ಮೊದಲೇ ಆಕೆಯ ದನಿ ಕೇಳಿತು.

“ಬಂದ್ನಿ, ಯವ್ವಾ, ಬಂದ್ನಿ.”